ಹೊರಗೆ ಕರಿಗಲ್ಲು, ಒಳಗೆ ಬಿಳಿಗಲ್ಲು

ಫ್ರಾನ್ಸಿನ ನಾಂತ್ ರೈಲು ನಿಲ್ದಾಣದ ಉತ್ತರ ಬಾಗಿಲಿನಿಂದ ಹೊರಬಿದ್ದು ಟ್ರಾಮ್ ಹಳಿಯ ಗುಂಟ ಹತ್ತು ನಿಮಿಷ ಕಾಲು ಹಾಕಿದರೆ ಬಲಗಡೆ ಬ್ರಿಟನಿಯ ಡ್ಯೂಕರ ಕೋಟೆ ಎದುರಾಗುತ್ತದೆ. ಗುಡ್ಡ ಹತ್ತಬೇಕಿಲ್ಲ, ದಾರಿ ಕೇಳಬೇಕಿಲ್ಲ. ಕಚೇರಿಗೆ ಓಡುವವರು, ಸೈಕಲ್ ತುಳಿಯುವವರು, ಬ್ರೆಡ್ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೊರಟವರು, ಇಷ್ಟೂ ಜನರ ನಡುವೆ ಪಕ್ಕದ ಮನೆಯ ಹಾಗೆ ನಿಂತುಕೊಂಡಿದೆ. ನಡೆಯಲಾರೆ ಎಂದು ಟ್ರಾಮ್ ಹತ್ತಿದರೆ ಇಳಿಯಬೇಕಾದ ನಿಲ್ದಾಣದ ಹೆಸರು ‘ದುಶೆಸ್ ಆನ್’. ಐನೂರು ವರ್ಷಗಳ ಹಿಂದೆ ತೀರಿಹೋದ ರಾಣಿಯೊಬ್ಬಳ ಹೆಸರನ್ನು ಈ ಊರಿನ ಟ್ರಾಮು ಬೆಳಗಿನಿಂದ ರಾತ್ರಿಯವರೆಗೆ ಕೂಗುತ್ತಲೇ ಇರುತ್ತದೆ.

ನಾನು ಹೋದದ್ದು ಅಕ್ಟೋಬರಿನ ಒಂದು ಬೆಳಿಗ್ಗೆ. ಮಳೆ ಹೊಯ್ದು ಬಿಟ್ಟಿತ್ತು. ಕಂದಕದ ನೀರಿನಲ್ಲಿ ಬಾತುಕೋಳಿಗಳು ತೇಲುತ್ತಿದ್ದವು. ನೀರಿಲ್ಲದ ಕಡೆ ಕಂದಕವೇ ಹುಲ್ಲುಹಾಸಾಗಿತ್ತು. ಒಬ್ಬಾಕೆ ಒದ್ದೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ ಕೂತು ಪುಸ್ತಕ ಓದುತ್ತಿದ್ದಳು. ಶತ್ರುವನ್ನು ಮುಳುಗಿಸಲೆಂದು ತೋಡಿದ ಹಳ್ಳ ಈಗ ಊಟದ ಬಿಡುವಿಗೆ ಬರುವವರ ಜಾಗ.

ಬುರುಜುಗಳ ಬುಡದಲ್ಲಿ ನಿಂತು ತಲೆ ಎತ್ತಿದೆ. ಗ್ರಾನೈಟ್ ಮತ್ತು ಪದರುಗಲ್ಲಿನ ಒರಟು ಗೋಡೆ, ಮಳೆಗೆ ನೆಂದು ಇನ್ನಷ್ಟು ಕಪ್ಪಾಗಿತ್ತು. ಇದರ ಬುಡಕ್ಕೆ ಹಿಂದೆ ಲ್ವಾರ್ ನದಿಯ ನೀರು ಬಡಿಯುತ್ತಿತ್ತು. ಟ್ರಾಮ್ ಓಡುವ ಜಾಗವೆಲ್ಲ ಹೊಳೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನದಿಯ ಕವಲುಗಳನ್ನು ಮುಚ್ಚಿ ಊರವರು ರಸ್ತೆ ಮಾಡಿಕೊಂಡರು. ಕೋಟೆ ಮಾತ್ರ ಹಳೆಯ ನೆನಪು ಬಿಟ್ಟಿಲ್ಲ. ಒಂದು ಬುರುಜಿಗೆ ‘ಹೊಳೆ ಬುರುಜು’, ಇನ್ನೊಂದಕ್ಕೆ ‘ಬಂದರು ಬುರುಜು’ ಎಂದು ಈಗಲೂ ಹೆಸರು. ರಸ್ತೆಯ ಆಚೆ ಬದಿಯಲ್ಲಿ 2015ರಲ್ಲಿ ಒಂದು ‘ನೀರಗನ್ನಡಿ’ ಮಾಡಿದ್ದಾರೆ. ಕಲ್ಲುಹಾಸಿನ ಮೇಲೆ ಬೆರಳು ಮುಳುಗುವಷ್ಟು ನೀರು ಹರಿಸುತ್ತಾರೆ, ಅದರೊಳಗೆ ಕೋಟೆ ತಲೆಕೆಳಗಾಗಿ ಕಾಣುತ್ತದೆ. ಹೊಳೆಯನ್ನು ಹೂತವರು ಅದರ ನೆರಳನ್ನಾದರೂ ಮರಳಿ ತಂದಿದ್ದಾರೆ.

ಬಾಗಿಲಿನಲ್ಲಿ ನಿಂತ ಹುಡುಗಿ

ಪ್ರವೇಶದ ಸೇತುವೆಯ ಬಳಿ ಆನಳ ಕಂಚಿನ ಪ್ರತಿಮೆಯಿದೆ. ಆಳೆತ್ತರ ಅಷ್ಟೆ. ಕುದುರೆಯಿಲ್ಲ, ಕತ್ತಿಯಿಲ್ಲ, ಕೋಟೆಗೆ ನಡೆದು ಬರುತ್ತಿರುವ ಒಬ್ಬ ಎಳೆಯ ಹೆಣ್ಣು. ಈಕೆ ಹುಟ್ಟಿದ್ದು ಇದೇ ಕೋಟೆಯಲ್ಲಿ, 1477ರ ಜನವರಿ 25ರಂದು.

ಆಗ ಬ್ರಿಟನಿ ಫ್ರಾನ್ಸಿನ ಭಾಗವಾಗಿ ಕರಗಿರಲಿಲ್ಲ. ಅದಕ್ಕೆ ತನ್ನದೇ ಡ್ಯೂಕರು, ತನ್ನದೇ ನಾಣ್ಯ, ತನ್ನದೇ ಸಭೆ. ಫ್ರಾನ್ಸಿನ ದೊರೆ ಪೂರ್ವದಿಂದ ಕಣ್ಣು ಹಾಕಿ ಕೂತಿದ್ದ. ಆನಳ ತಂದೆ, ಕೊನೆಯ ಡ್ಯೂಕ್ ಎರಡನೆಯ ಫ್ರಾನ್ಸ್ವಾ, 1466ರಲ್ಲಿ ಈ ಕೋಟೆಯನ್ನು ಹೊಸದಾಗಿ ಕಟ್ಟಿಸಲು ತೊಡಗಿದ್ದು ಆ ಭಯದಿಂದಲೇ. ಇದೇ ಜಾಗದಲ್ಲಿ ಮೊದಲೇ ಒಂದು ಕೋಟೆ ಇತ್ತು. 13ನೆಯ ಶತಮಾನದ ಆರಂಭದಲ್ಲಿ ಗೀ ದ ತುವಾರ್ ಶುರುಮಾಡಿದ್ದು, ಹೆಸರು ‘ಹೊಸ ಬುರುಜು’. ಜೋನ್ ಆಫ್ ಆರ್ಕ್ ಜೊತೆ ಯುದ್ಧ ಮಾಡಿದ ದಂಡನಾಯಕ ಜಿಲ್ ದ ರೆ, ಮಕ್ಕಳನ್ನು ಕೊಂದ ಆರೋಪ ಹೊತ್ತು 1440ರಲ್ಲಿ ಆ ಹಳೆಯ ಕೋಟೆಯಲ್ಲೇ ವಿಚಾರಣೆಗೆ ನಿಂತಿದ್ದ. ಆ ಅಕ್ಟೋಬರ್ 26ರಂದು ಅವನನ್ನು ಈ ಊರಲ್ಲೇ ನೇಣಿಗೇರಿಸಿದರು.

ಹೆಬ್ಬಾಗಿಲಿನ ಒಂದು ಬದಿಯ ಬುರುಜಿಗೆ ‘ಬ್ರೆಡ್ಡಿನ ಬುರುಜು’ ಎಂದು ಹೆಸರು. ಅದೇ ಬುರುಜಿಗೆ ‘ನರಕ ಬುರುಜು’ ಎಂಬ ಇನ್ನೊಂದು ಹೆಸರೂ ಇದೆ. ಅನ್ನದ ಹೆಸರು, ನರಕದ ಹೆಸರು ಎರಡನ್ನೂ ಒಂದೇ ಗೋಡೆ ಹೊತ್ತಿರುವುದು ನನಗೆ ಹಿಡಿಸಿತು. ಕಮಾನಿನ ಕತ್ತಲೆ ದಾಟುವಾಗ ಮೇಲೆ ಬಾಗಿಲು ಇಳಿಬಿಡುವ ಸೀಳು, ಗೋಡೆಯಲ್ಲಿ ಬಂದೂಕಿನ ಕಿಂಡಿ. ಹತ್ತು ಹೆಜ್ಜೆ ನಡೆದು ಅಂಗಳಕ್ಕೆ ಕಾಲಿಟ್ಟರೆ ಕಣ್ಣು ಕಿರಿದಾಗುತ್ತದೆ. ಎದುರಿಗೆಲ್ಲ ಬಿಳಿ.

ಡ್ಯೂಕನ ಎರಡು ಮುಖ

ಅಂಗಳದ ಕಟ್ಟಡಗಳಿಗೆ ಬಳಸಿದ್ದು ‘ತುಫೋ’ ಎಂಬ ಮೆದು ಸುಣ್ಣಗಲ್ಲು. ಲ್ವಾರ್ ಕಣಿವೆಯ ಮೇಲಿನ ಊರುಗಳಲ್ಲಿ ಅಗೆದು ದೋಣಿಯಲ್ಲಿ ತರುತ್ತಿದ್ದ ಕಲ್ಲು. ಉಳಿಗೆ ಬೆಣ್ಣೆಯ ಹಾಗೆ ಒಗ್ಗುತ್ತದೆ. ಅದಕ್ಕೇ ‘ಗ್ರಾಂ ಲೋಜಿ’ ಎಂಬ ದೊಡ್ಡ ನಿವಾಸದ ಮಾಡಿನ ಕಿಟಕಿಗಳ ಸುತ್ತ ಕುಸುರಿ ಬಳ್ಳಿಗಳು, ಮೊನಚು ಕಲಶಗಳು. ಪಕ್ಕದ ‘ಚಿನ್ನದ ಕಿರೀಟದ ಬುರುಜಿ’ನಲ್ಲಿ ಇಟಲಿಯ ಶೈಲಿಯ ತೆರೆದ ಮೊಗಸಾಲೆಗಳು. ಅದರ ಮುಂದಿನ ಬಾವಿಯ ಮೇಲೆ ರಾಟೆಗಳನ್ನು ತೂಗುಹಾಕುವ ಕಬ್ಬಿಣದ ಚೌಕಟ್ಟೂ ಕಿರೀಟದ ಆಕಾರದ್ದು. ನೀರು ಸೇದುವ ಆಳಿಗೂ ತಾನು ಯಾರ ಮನೆಯ ನೀರು ಸೇದುತ್ತಿದ್ದೇನೆಂದು ಮರೆಯಬಾರದಲ್ಲ.

ಹೊರಗೆ ನಿಂತವನಿಗೆ ಕರಿಗಲ್ಲಿನ ಗದರಿಕೆ, ಒಳಗೆ ಬಂದ ಅತಿಥಿಗೆ ಬಿಳಿಗಲ್ಲಿನ ಮರ್ಯಾದೆ. ಫ್ರಾನ್ಸ್ವಾ ಕಟ್ಟಿಸಿದ್ದು ಒಂದೇ ಕೋಟೆ, ಮಾತಾಡಿಸಿದ್ದು ಎರಡು ಬಗೆಯ ಜನರನ್ನು. ಆದರೆ ಗೋಡೆ ಅವನನ್ನು ಉಳಿಸಲಿಲ್ಲ. 1488ರ ಜುಲೈನಲ್ಲಿ ಸೈಂತೊಬಾಂ-ದು-ಕೊರ್ಮಿಯೆ ಎಂಬಲ್ಲಿ ಅವನ ಸೈನ್ಯ ಫ್ರೆಂಚರಿಗೆ ಸೋತಿತು. ಅದೇ ಸೆಪ್ಟೆಂಬರಿನಲ್ಲಿ ಅವನೂ ಸತ್ತ. ಹನ್ನೊಂದರ ಆನ್ ಡಚೆಸ್ ಆದಳು.

ಮುಂದಿನದನ್ನು ಮದುವೆಗಳ ಲೆಕ್ಕದಲ್ಲಿ ಹೇಳಬೇಕು. ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್ ಜೊತೆ ಪ್ರತಿನಿಧಿಯ ಮೂಲಕ ಆದ ಮದುವೆಯನ್ನು ಫ್ರಾನ್ಸ್ ಮುರಿಯಿತು. 1491ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸನನ್ನೇ ಕಟ್ಟಿಕೊಳ್ಳಬೇಕಾಯಿತು. ಗಂಡುಸಂತಾನವಿಲ್ಲದೆ ದೊರೆ ಸತ್ತರೆ ಮುಂದಿನ ದೊರೆಯನ್ನೇ ಮದುವೆಯಾಗಬೇಕು ಎಂಬ ಷರತ್ತೂ ಜೊತೆಗಿತ್ತು. 1498ರಲ್ಲಿ ಚಾರ್ಲ್ಸ್ ಆಂಬ್ವಾಜ್ ಅರಮನೆಯ ತಗ್ಗು ಬಾಗಿಲಿಗೆ ತಲೆ ಬಡಿಸಿಕೊಂಡು ಸತ್ತ. ಹೊಸ ದೊರೆ ಹನ್ನೆರಡನೆಯ ಲೂಯಿ ತನ್ನ ಹಳೆಯ ಮದುವೆಯನ್ನು ರದ್ದು ಮಾಡಿಸಿಕೊಂಡು ಬಂದ. ಆದರೆ ಈ ಸಲ ಆನ್ ತನ್ನ ಊರಿನಲ್ಲೇ, ಈ ಕೋಟೆಯಲ್ಲೇ, ತನ್ನ ಷರತ್ತಿನ ಮೇಲೆ ಮದುವೆಯಾದಳು: 1499ರ ಜನವರಿ 8. ಫ್ರಾನ್ಸಿಗೆ ಎರಡು ಬಾರಿ ರಾಣಿಯಾದವಳು ಇವಳೊಬ್ಬಳೇ.

1514ರಲ್ಲಿ ಬ್ಲ್ವಾ ಅರಮನೆಯಲ್ಲಿ ತೀರಿಕೊಂಡಾಗ ಆನ್‌ಗೆ ಇನ್ನೂ ಮೂವತ್ತೇಳು ತುಂಬಿರಲಿಲ್ಲ. ದೇಹ ಫ್ರೆಂಚ್ ದೊರೆಗಳ ಸಮಾಧಿಯಿರುವ ಸೈಂ-ದೆನಿಗೆ ಹೋಯಿತು, ಹೃದಯ ಚಿನ್ನದ ಕರಂಡಕದಲ್ಲಿ ನಾಂತ್‌ಗೆ ಬಂತು. ಆ ಕರಂಡಕ ಇದೇ ಊರಿನ ದೊಬ್ರೆ ಮ್ಯೂಸಿಯಮ್ಮಿನಲ್ಲಿದೆ. 2018ರ ಏಪ್ರಿಲಿನಲ್ಲಿ ಕಳ್ಳರು ಅದನ್ನು ಕದ್ದರು; ಕೆಲವೇ ದಿನಗಳಲ್ಲಿ ಮಣ್ಣಿನಡಿ ಹೂತಿಟ್ಟದ್ದು ಸಿಕ್ಕಿತು. ಆನ್ ಸತ್ತು ಹದಿನೆಂಟು ವರ್ಷಕ್ಕೆ, 1532ರಲ್ಲಿ, ಅವಳ ಅಳಿಯ ಮೊದಲನೆಯ ಫ್ರಾನ್ಸ್ವಾ ಬ್ರಿಟನಿಯನ್ನು ಫ್ರಾನ್ಸಿಗೆ ಸೇರಿಸಿಕೊಂಡ. ಡ್ಯೂಕರ ಕೋಟೆಗೆ ಅಲ್ಲಿಂದ ಡ್ಯೂಕರಿಲ್ಲ.

ಗೋಡೆಗೆ ಟಿಕೆಟ್ ಇಲ್ಲ

ಟಿಕೆಟ್ ಕೌಂಟರಿನ ಹೆಂಗಸು ನನ್ನ ಮುರುಕು ಫ್ರೆಂಚಿಗೆ ಕನಿಕರದಿಂದ ಉತ್ತರಿಸಿದಳು: “ಮ್ಯೂಸಿಯಮ್ಮಿಗೆ ಮಾತ್ರ ದುಡ್ಡು. ಅಂಗಳಕ್ಕೂ ಗೋಡೆಗೂ ಏನೂ ಇಲ್ಲ.” ಹಾಗಾದರೆ ಮೊದಲು ಗೋಡೆ ಎಂದು ಮೆಟ್ಟಿಲು ಹತ್ತಿದೆ.

ಕಾವಲಿನವರು ತಿರುಗುತ್ತಿದ್ದ ಗೋಡೆಯ ಮೇಲಣ ದಾರಿ ಸುಮಾರು ಅರ್ಧ ಕಿಲೋಮೀಟರ್ ಇದೆ. ನನ್ನ ಜೊತೆ ಮೇಲಿದ್ದವರು ಒಬ್ಬ ಅಜ್ಜ, ಅವರ ನಾಯಿ, ಮಗುವನ್ನು ಎದೆಗೆ ಕಟ್ಟಿಕೊಂಡ ಒಬ್ಬ ಯುವಕ. ದಕ್ಷಿಣಕ್ಕೆ ಗೋಪುರ ಹೊತ್ತ ಹಳೆಯ ಬಿಸ್ಕತ್ತು ಕಾರ್ಖಾನೆ ಕಾಣುತ್ತದೆ. 1886ರಲ್ಲಿ ‘ಪೆತಿ ಬ್ಯೂರ್’ ಬಿಸ್ಕತ್ತು ಹುಟ್ಟುಹಾಕಿದ ಲು ಕಂಪನಿಯದು. ಈಗ ಅದೂ ಸಾರ್ವಜನಿಕ ಕಲಾಕೇಂದ್ರ. ಉತ್ತರಕ್ಕೆ ಕೆಥೀಡ್ರಲ್. ಆನಳ ತಂದೆತಾಯಿಯ ಅಮೃತಶಿಲೆಯ ಸಮಾಧಿ ಅಲ್ಲಿದೆ.

ಗೋಡೆಯ ಇನ್ನೊಂದು ಕಡೆ ಮರ್ಕೊರ್ ಕೊತ್ತಳ. ಫ್ರಾನ್ಸಿನ ದೊರೆಗೆ ಇಲ್ಲಿ ಕೊನೆಗೆ ಎದುರುನಿಂತ ಮರ್ಕೊರ್ ಡ್ಯೂಕ್ 16ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ಕಲ್ಲಿನಲ್ಲಿ ಅವನ ಲೊರೇನ್ ಶಿಲುಬೆಗಳು ಇನ್ನೂ ಇವೆ. ಅವನು ಶರಣಾದ ಮೇಲೆ 1598ರ ಏಪ್ರಿಲಿನಲ್ಲಿ ನಾಲ್ಕನೆಯ ಹೆನ್ರಿ ಊರಿಗೆ ಬಂದ. ಪ್ರಾಟೆಸ್ಟಂಟರಿಗೆ ತಮ್ಮ ನಂಬಿಕೆಯಂತೆ ಬದುಕುವ ಹಕ್ಕು ಕೊಟ್ಟ ನಾಂತ್ ಶಾಸನಕ್ಕೆ ಈ ಊರಿನ ಹೆಸರು ಹತ್ತಿದ್ದು ಆಗ. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ ಅದನ್ನು 1685ರಲ್ಲಿ ರದ್ದು ಮಾಡಿದ.

ಈ ಗೋಡೆ ತಡೆಯಲು ಹೋಗಿ ಸೋತ ಕತೆಯೂ ಒಂದಿದೆ. ಹದಿನಾಲ್ಕನೆಯ ಲೂಯಿ ಬಾಲಕನಾಗಿದ್ದಾಗ ದಂಗೆಯಲ್ಲಿ ಕೈಹಾಕಿದ್ದ ಕಾರ್ಡಿನಲ್ ದ ರೆಯನ್ನು ಇಲ್ಲಿ ಸೆರೆಯಿಟ್ಟಿದ್ದರು. 1654ರ ಆಗಸ್ಟ್ 8ರಂದು ಆತ ಹಗ್ಗ ಹಿಡಿದು ಕೋಟೆಯಿಂದ ಇಳಿದ. ಕೆಳಗೆ ಕುದುರೆ ಕಾಯುತ್ತಿತ್ತು. ಗೋಡೆಯಿಂದ ಸುರಕ್ಷಿತವಾಗಿ ಇಳಿದವನು ಆಮೇಲೆ ಕುದುರೆಯಿಂದ ಬಿದ್ದು ಹೆಗಲು ಕಳಚಿಕೊಂಡ. ಏಳು ವರ್ಷದ ಬಳಿಕ, 1661ರ ಸೆಪ್ಟೆಂಬರ್ 5ರಂದು, ಅದೇ ಲೂಯಿ ಈ ಕೋಟೆಯಲ್ಲಿ ಬಿಡಾರ ಮಾಡಿದ್ದ. ಅಂದು ಅವನಿಗೆ ಇಪ್ಪತ್ಮೂರು ತುಂಬಿದ ದಿನ. ಸಭೆ ಮುಗಿಸಿ ಹೊರಟ ಹಣಕಾಸು ಅಧಿಕಾರಿ ಫುಕೆಯನ್ನು ದಾರ್ತಾಂಜಾನ್ ಕೆಥೀಡ್ರಲ್ ಬಳಿ ಹಿಡಿದ. ಡ್ಯೂಮಾನ ಕಾದಂಬರಿಯ ನಾಯಕನ ಮೂಲವ್ಯಕ್ತಿ ಈ ದಾರ್ತಾಂಜಾನನೇ.

ಕೊತ್ತಳದಾಚೆ ಒಂದು ಕಡೆ ಗೋಡೆಯ ಲೆಕ್ಕ ತಪ್ಪುತ್ತದೆ. ಬುರುಜು ಇರಬೇಕಾದಲ್ಲಿ ಬುರುಜಿಲ್ಲ. ಅಲ್ಲಿ ‘ಸ್ಪೇನಿಗರ ಬುರುಜು’ ಇತ್ತು. ಸೈನ್ಯ ಅದನ್ನು ಮದ್ದಿನಮನೆ ಮಾಡಿಕೊಂಡಿತ್ತು. 1800ರ ಮೇ 25ರಂದು ಮದ್ದಿಗೆ ಬೆಂಕಿ ತಗುಲಿತು. ಸುಮಾರು 60 ಜನ ಸತ್ತರು. ಆನ್ ಮತ್ತು ಹನ್ನೆರಡನೆಯ ಲೂಯಿಯ ಮದುವೆ ನಡೆದ ಪ್ರಾರ್ಥನಾಮಂದಿರವೂ ಆ ಕ್ಷಣದಲ್ಲೇ ಹಾರಿಹೋಯಿತು. ಯಾವ ಶತ್ರುವೂ ಮಾಡದ ಹಾನಿಯನ್ನು ಕಾಯುತ್ತಿದ್ದವರ ಮದ್ದೇ ಮಾಡಿತು.

ಅಷ್ಟರಲ್ಲಾಗಲೇ ಇದು ಅರಮನೆಯಾಗಿ ಉಳಿದಿರಲಿಲ್ಲ. ಸೆರೆಮನೆ, ಸೈನಿಕರ ವಸತಿ, ಆಯುಧಾಗಾರ. ಬುರುಜೊಂದರ ಗೋಡೆಯಲ್ಲಿ ಕೈದಿಗಳು ಕೊರೆದ ಗೀಚುಬರಹ ಇನ್ನೂ ಇದೆ. 1784ರಲ್ಲಿ ಅಂಗಳದೊಳಗೇ ಸೈನ್ಯದ ಕುದುರೆಗಳ ಜೀನು, ಲಗಾಮು ಇಡಲು ಉದ್ದನೆಯ ಉಗ್ರಾಣವೊಂದು ಎದ್ದಿತು. 1862ರಲ್ಲಿ ಸರ್ಕಾರ ಕೋಟೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿತಾದರೂ ಸೈನ್ಯ ಜಾಗ ಖಾಲಿ ಮಾಡಲಿಲ್ಲ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ನಾಂತ್ ನಗರಸಭೆ ಅದನ್ನು ಕೊಂಡುಕೊಂಡಿತು. 1924ರಲ್ಲಿ ಮೊದಲ ಮ್ಯೂಸಿಯಂ ತೆರೆಯಿತು. ಎರಡನೆಯ ಯುದ್ಧದಲ್ಲಿ ಜರ್ಮನರು ಬಂದು ಕಾಂಕ್ರೀಟ್ ಬಂಕರ್ ಕಟ್ಟಿದ್ದೊಂದು ನಡುವಿನ ಅಧ್ಯಾಯ. ಬಳಿಕ ದೀರ್ಘಕಾಲದ ದುರಸ್ತಿ ನಡೆದು, 2007ರ ಫೆಬ್ರುವರಿಯಲ್ಲಿ ನಾಂತ್ ಇತಿಹಾಸ ಮ್ಯೂಸಿಯಮ್ಮಾಗಿ ಬಾಗಿಲು ತೆರೆದದ್ದು ಇಂದಿನ ರೂಪ. 2017ರ ಬೇಸಿಗೆಯಲ್ಲಂತೂ ಈ ಗೋಡೆಯ ಹೊರಮೈಗೆ ಜಾರುಬಂಡೆಯೊಂದನ್ನೇ ಕಟ್ಟಿದರು. ಕಾರ್ಡಿನಲ್ ಹಗ್ಗದಲ್ಲಿ ಇಳಿದ ಕೋಟೆಯಿಂದ ಜನ ಸಾಲು ನಿಂತು ಜಾರಿದರು.

ತಮ್ಮ ಎಲೆಯ ಹೆಗ್ಗಣ

ಗೋಡೆ ಇಳಿದು ಟಿಕೆಟ್ ಕೊಂಡು ಒಳಗೆ ಹೋದೆ. ಒಟ್ಟು 32 ಕೋಣೆ. ಕಿರಿದಾದ ತಿರುಗುಮೆಟ್ಟಿಲು, ದಪ್ಪ ತೊಲೆ, ಆಳದ ಕಿಟಕಿಯ ಕಲ್ಲುಜಗಲಿ. ಡ್ಯೂಕರ ಕೋಣೆಗಳು ಬೇಗ ಮುಗಿಯುತ್ತವೆ. ಹದಿನೆಂಟನೆಯ ಶತಮಾನದ ಕೋಣೆಗಳಲ್ಲಿ ಕಾಲು ತಾನೇ ನಿಧಾನವಾಯಿತು.

ಫ್ರಾನ್ಸಿನ ಅತಿದೊಡ್ಡ ಗುಲಾಮ ವ್ಯಾಪಾರದ ಬಂದರು ನಾಂತ್. ಈ ದಡದಿಂದ ಹೊರಟ ಹಡಗುಗಳು ಆಫ್ರಿಕಾದಿಂದ ಅಮೆರಿಕದ ವಸಾಹತುಗಳಿಗೆ ಸಾಗಿಸಿದವರ ಸಂಖ್ಯೆ ಐದು ಲಕ್ಷಕ್ಕೂ ಹೆಚ್ಚು. ‘ಮರಿ ಸೆರಾಫಿಕ್’ ಎಂಬ ಹಡಗಿನ ಜಲವರ್ಣ ಚಿತ್ರದ ಮುಂದೆ ನಿಂತೆ. ಚಿತ್ರಕಾರ ಕುಸುರಿ ಕೈಯವನು. ಹಡಗಿನ ಒಂದೊಂದು ಅಂತಸ್ತನ್ನೂ ಸೀಳಿ ತೋರಿಸಿದ್ದಾನೆ. ಪೀಪಾಯಿ ಎಲ್ಲಿ, ಸರಕು ಎಲ್ಲಿ ಎಂದು ಗುರುತಿಸುತ್ತಾ ಬಂದವನು ಅದೇ ಜಾಗರೂಕತೆಯಿಂದ, ಅದೇ ಕುಂಚದಿಂದ, ಮಲಗಿಸಿದ ಮನುಷ್ಯರನ್ನೂ ಸಾಲುಸಾಲಾಗಿ ಬರೆದಿದ್ದಾನೆ. ಕೋಪವಿಲ್ಲ, ನಾಚಿಕೆಯಿಲ್ಲ. ಉಗ್ರಾಣದ ಪಟ್ಟಿಯಷ್ಟೇ ಅಚ್ಚುಕಟ್ಟು. ನನ್ನ ಪಕ್ಕ ಶಾಲೆಯ ಮಕ್ಕಳ ಗುಂಪೊಂದು ನಿಂತಿತ್ತು. ಟೀಚರ್ ಮಾತು ನಿಲ್ಲಿಸಿ ಅವರನ್ನು ಸುಮ್ಮನೆ ನೋಡಲು ಬಿಟ್ಟರು. ಒಬ್ಬ ಹುಡುಗ ಬೆರಳು ಗಾಳಿಯಲ್ಲಿ ಆಡಿಸುತ್ತಾ ಎಣಿಸತೊಡಗಿದ, ಅರ್ಧಕ್ಕೆ ಬಿಟ್ಟ.

ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಅಚ್ಚು ಹಾಕಿದ ಹತ್ತಿಬಟ್ಟೆ. ನಮ್ಮ ಅಜ್ಜಿಯರು ಚೀಟಿಬಟ್ಟೆ ಎನ್ನುತ್ತಿದ್ದ ಜಾತಿಯದು. ಫ್ರೆಂಚರು ಅದಕ್ಕೆ ಇಟ್ಟ ಹೆಸರು ‘ಆಂದ್ಯೆನ್’, ಅಂದರೆ ಇಂಡಿಯಾದ್ದು. ಕೋರಮಂಡಲ ಕರಾವಳಿಯ ನೇಕಾರರು ನೆಯ್ದ ಬಟ್ಟೆಯನ್ನು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಪುದುಚೇರಿಯಿಂದ ತರುತ್ತಿದ್ದವು. 1734ರಲ್ಲಿ ಲೊರಿಯಾಂ ಬಂದರಿಗೆ ಬದಲಾಗುವ ತನಕ ಕಂಪನಿಯ ಹರಾಜು ನಡೆಯುತ್ತಿದ್ದದ್ದು ಈ ನಾಂತ್ ಊರಿನಲ್ಲೇ. ತಮ್ಮ ರೇಷ್ಮೆ, ಉಣ್ಣೆಯವರು ಹಾಳಾಗುತ್ತಾರೆಂದು ಫ್ರಾನ್ಸ್ 1686ರಿಂದ 1759ರವರೆಗೆ ಇಂಥ ಬಟ್ಟೆಯನ್ನು ದೇಶದೊಳಗೆ ನಿಷೇಧಿಸಿತ್ತು. ಆಫ್ರಿಕಾಕ್ಕೆ ಒಯ್ಯಲು ಅಡ್ಡಿಯಿರಲಿಲ್ಲ. ಅಲ್ಲಿನ ವರ್ತಕರು ಗುಲಾಮರಿಗೆ ಬದಲಾಗಿ ಭಾರತದ ಹತ್ತಿಯನ್ನು ಕೇಳಿ ಪಡೆಯುತ್ತಿದ್ದರು. ನಿಷೇಧ ತೆರವಾದದ್ದೇ ನಾಂತ್‌ನಲ್ಲೇ ಅದರ ನಕಲು ಮಾಡುವ ಕಾರ್ಖಾನೆಗಳೆದ್ದವು.

ಇಷ್ಟು ಹೊತ್ತು ಬೇರೆಯವರ ಚರಿತ್ರೆ ನೋಡುತ್ತಿದ್ದ ನನಗೆ ಈಗ ಕಾಲಡಿಯ ಹಲಗೆ ಅಲುಗಿದಂತಾಯಿತು. ಎಲ್ಲೋ ಗುಳಿಮಗ್ಗದಲ್ಲಿ ಕೂತು ನೂಲು ಜೋಡಿಸಿದವನಿಗೆ ತನ್ನ ಗಜ ಬಟ್ಟೆ ಅಟ್ಲಾಂಟಿಕ್ ದಡದಲ್ಲಿ ಮನುಷ್ಯನೊಬ್ಬನ ಬೆಲೆಯಾಗುತ್ತದೆಂದು ತಿಳಿದಿರಲು ಸಾಧ್ಯವಿರಲಿಲ್ಲ. ಆದರೆ ಬಟ್ಟೆ ಹೋದದ್ದು ಅಲ್ಲಿಗೇ.

ತನ್ನೆಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವುದು ಎಲ್ಲ ಊರುಗಳ ಸ್ವಭಾವ. ನಾಂತ್ ಕೂಡ ಬಹಳ ಕಾಲ ಹಾಗೇ ಇತ್ತು. ಗುಲಾಮರನ್ನು ಆಳುವ ಕಾನೂನಾದ ‘ಕಪ್ಪು ಸಂಹಿತೆ’ಗೆ 1985ರಲ್ಲಿ ಮುನ್ನೂರು ವರ್ಷವಾದಾಗ ಆ ನೆನಪಿನ ಕಾರ್ಯಕ್ರಮಕ್ಕೆ ನಗರಾಡಳಿತ ಬೆಂಬಲ ಕೊಡಲಿಲ್ಲ. ಬಳಿಕ ಆಡಳಿತ ಬದಲಾಯಿತು, ಊರಿನ ಸಂಘಟನೆಗಳು ಪಟ್ಟು ಹಿಡಿದವು. 1992ರ ಡಿಸೆಂಬರಿನಲ್ಲಿ ಇದೇ ಕೋಟೆಯಲ್ಲಿ ‘ನೆನಪಿನ ಬಳೆಗಳು’ ಎಂಬ ಪ್ರದರ್ಶನ ತೆರೆಯಿತು. 1994ರವರೆಗೆ ನಡೆದ ಅದನ್ನು ಸುಮಾರು 4 ಲಕ್ಷ ಜನ ನೋಡಿದರು. ಆ ಪ್ರದರ್ಶನ ಮುಗಿದರೂ ವಿಷಯ ಮುಗಿಯಲಿಲ್ಲ. ಈಗಿನ ಮ್ಯೂಸಿಯಮ್ಮಿನ ನಡುಭಾಗದ ಕೋಣೆಗಳೇ ಅದಕ್ಕೆ ಮೀಸಲಾಗಿವೆ. ನಗರಸಭೆ ಕೋಟೆ ಕೊಂಡದ್ದು 1915ರಲ್ಲಾದರೂ, ಅದು ನಿಜಕ್ಕೂ ಊರಿನ ಸೊತ್ತಾದದ್ದು 1992ರಲ್ಲಿ ಎಂದು ನನಗೆ ಅನ್ನಿಸಿತು. ಡ್ಯೂಕರ ಮನೆಯಲ್ಲಿ ಡ್ಯೂಕರ ಗುಣಗಾನ ಮಾಡುವುದು ಸುಲಭ. ಊರವರು ಆ ಮನೆಗೆ ತಮ್ಮ ಮುತ್ತಜ್ಜಂದಿರ ಲೆಕ್ಕಪುಸ್ತಕವನ್ನೇ ತಂದಿಟ್ಟು ಬಿಚ್ಚಿದ್ದಾರೆ.

ಲಗಾಮಿನ ಉಗ್ರಾಣದಲ್ಲಿ ಚೆಂಗೀಸ್ ಖಾನ್

ಜೀನು, ಲಗಾಮು ಇಡುತ್ತಿದ್ದ 1784ರ ಉಗ್ರಾಣ ಈಗ ತಾತ್ಕಾಲಿಕ ಪ್ರದರ್ಶನಗಳ ಜಾಗ. 2020ರಲ್ಲಿ ಇಲ್ಲಿನವರು ಚೆಂಗೀಸ್ ಖಾನ್ ಕುರಿತ ಪ್ರದರ್ಶನಕ್ಕೆ ಚೀನಾದಿಂದ ವಸ್ತುಗಳನ್ನು ತರಿಸಲು ಹೊರಟಿದ್ದರು. ‘ಚೆಂಗೀಸ್ ಖಾನ್’, ‘ಸಾಮ್ರಾಜ್ಯ’, ‘ಮಂಗೋಲ್’ ಎಂಬ ಪದಗಳನ್ನು ಪ್ರದರ್ಶನದಿಂದ ತೆಗೆಯಬೇಕೆಂದು ಚೀನಾದ ಅಧಿಕಾರಿಗಳು ಕೇಳಿದರು. ಚೆಂಗೀಸನ ಪ್ರದರ್ಶನದಿಂದ ಚೆಂಗೀಸನನ್ನೇ ತೆಗೆದರೆ ಉಳಿಯುವುದೇನು? ಮ್ಯೂಸಿಯಮ್ಮಿನವರು ಒಪ್ಪದೆ ಪ್ರದರ್ಶನವನ್ನು ಮುಂದೂಡಿದರು. ಮಂಗೋಲಿಯಾದ ಸಹಕಾರದಿಂದ 2023ರ ಅಕ್ಟೋಬರಿನಲ್ಲಿ ಅದನ್ನು ತೆರೆದರು, ಹೆಸರು ಸಮೇತ. ತಮ್ಮದೇ ಕತೆಯಿಂದ ಬೇಡದ ಪದಗಳನ್ನು ಕಳಚದೆ ಹೇಳಲು ಕಲಿತವರು ಬೇರೆಯವರ ಕತೆಗೂ ಅದೇ ನ್ಯಾಯ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಬೇಡದ್ದನ್ನು ಕಳಚುವ ಇನ್ನೊಂದು ಕತೆ ಕೋಟೆಯ ಹೊರಗೇ ಇದೆ. 1941ರಲ್ಲಿ ಫ್ರಾನ್ಸಿನ ಯುದ್ಧಕಾಲದ ವಿಶಿ ಸರ್ಕಾರ ನಾಂತ್ ಜಿಲ್ಲೆಯನ್ನು ಬ್ರಿಟನಿಯಿಂದ ಬೇರ್ಪಡಿಸಿತು. ಯುದ್ಧಾನಂತರ ಗೆರೆ ಎಳೆದವರೂ ಅದನ್ನು ಮರಳಿ ಸೇರಿಸಲಿಲ್ಲ. ಬ್ರಿಟನಿಯ ಡ್ಯೂಕರ ಕೋಟೆ ಇಂದು ಆಡಳಿತದ ನಕ್ಷೆಯಲ್ಲಿ ಬ್ರಿಟನಿಯಲ್ಲಿಲ್ಲ. ಬೀದಿಕಂಬಗಳ ಮೇಲೆ ‘44 = ಬ್ರೆಯಿಜ್’ ಎಂಬ ಅಂಟುಚೀಟಿ ಕಂಡರೆ ಅದು ಈ ತಕರಾರು. 44 ಜಿಲ್ಲೆಯ ಸಂಖ್ಯೆ; ಬ್ರೆಯಿಜ್ ಎಂದರೆ ಬ್ರೆಟನ್ ಭಾಷೆಯಲ್ಲಿ ಬ್ರಿಟನಿ. ಬ್ರಿಟನಿಯ ಕಪ್ಪುಬಿಳುಪು ಬಾವುಟದ ಒಂಬತ್ತು ಪಟ್ಟೆಗಳು ಒಂಬತ್ತು ಹಳೆಯ ಸೀಮೆಗಳ ಗುರುತು. ಅದರಲ್ಲಿ ಒಂದು ನಾಂತ್‌ನದು. ಬಾವುಟ ಹಾರಿಸುವವರು ಆ ಪಟ್ಟೆಯನ್ನು ಇನ್ನೂ ಕಿತ್ತಿಲ್ಲ.

ಹೋಗುವವರಿಗೆ

ಪ್ಯಾರಿಸ್ಸಿನ ಮೊಂಪರ್ನಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ನಾಂತ್‌ಗೆ ಎರಡು ಗಂಟೆಗಿಂತ ತುಸು ಹೆಚ್ಚು. ಕೋಟೆಯ ಅಂಗಳ, ಕಂದಕದ ತೋಟ, ಗೋಡೆಯ ದಾರಿ ಉಚಿತ. ಮ್ಯೂಸಿಯಮ್ಮಿಗೆ ಅರ್ಧ ದಿನ ಇಟ್ಟುಕೊಳ್ಳಿ. ಬೇಸಿಗೆ ಬಿಟ್ಟರೆ ಸೋಮವಾರ ರಜೆ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಫೆದೊ ಎಂಬ ಬಡಾವಣೆ. ನದಿ ಮುಚ್ಚುವ ಮುಂಚೆ ಅದು ದ್ವೀಪ. ಹದಿನೆಂಟನೆಯ ಶತಮಾನದ ಹಡಗು ಸಾಹುಕಾರರ ಮನೆಗಳು ಮರಳಿನ ನೆಲದಲ್ಲಿ ಕುಸಿದು ಈಗಲೂ ಒಂದಿಷ್ಟು ವಾಲಿವೆ. ಕಿಟಕಿಗಳ ಮೇಲೆ ಕಲ್ಲಿನ ಮುಖಗಳು. ಇನ್ನೂ ಮುಂದೆ ನದಿದಡದಲ್ಲಿ 2012ರ ಗುಲಾಮಗಿರಿ ನಿರ್ಮೂಲನ ಸ್ಮಾರಕವಿದೆ. ನೆಲದಲ್ಲಿ ಹುದುಗಿಸಿದ 2,000 ಗಾಜಿನ ಫಲಕಗಳಲ್ಲಿ ಹಡಗುಗಳ, ಬಂದರುಗಳ ಹೆಸರುಗಳು.

ನೋಡುವ ಕ್ರಮ ಮಾತ್ರ ತಪ್ಪಿಸಬೇಡಿ: ಮೊದಲು ಗೋಡೆ, ಆಮೇಲೆ ಮ್ಯೂಸಿಯಂ, ಕೊನೆಗೆ ಫೆದೊ. ಬೆಳಿಗ್ಗೆ ಕೋಟೆಗೆ ಬರುವ ಮೊದಲೇ ಆ ಬೀದಿಗೆ ಹೋಗಿದ್ದರೆ ನಾನು ಕಲ್ಲಿನ ಮುಖಗಳ ಚೆಂದಕ್ಕೆ ನಾಲ್ಕು ಫೋಟೊ ತೆಗೆದು ಬರುತ್ತಿದ್ದೆ. ಸಂಜೆ ಹೋದದ್ದರಿಂದ, ಕಿಟಕಿಯ ಮೇಲಿಂದ ನನ್ನನ್ನು ನೋಡುತ್ತಿದ್ದ ಒಂದೊಂದು ಮುಖದ ಕೆಳಗೂ ನಿಂತು, ಈ ಮನೆಯ ಕಲ್ಲಿಗೆ ಎಷ್ಟು ಗಜ ಬಟ್ಟೆ ಹೋಗಿರಬಹುದೆಂದು ಲೆಕ್ಕ ಹಾಕುತ್ತಾ ನಡೆದೆ.